ಇಸ್ತ್ರಿ ಹಾಕಿದ ಚೀಟಿ

ವಿಮಾನ ನಿಲ್ದಾಣದ ಕೌಂಟರಿನವನು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಬಗ್ಗಿಸಲು ನೋಡಿದ, ಅದು ಬಗ್ಗಲಿಲ್ಲ. ಸರ್ಕಾರಿ ಮುದ್ರೆ ಇದ್ದ ಮೂಲೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದ. ಉಗುರು ಜಾರಿತು. ಮುದ್ರೆ ಪ್ಲಾಸ್ಟಿಕ್ಕಿನ ಅಡಿಯಲ್ಲಿತ್ತು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎರಡೇ ಬೆರಳಲ್ಲಿ ಅದನ್ನೆತ್ತಿ ಇಸ್ತ್ರಿಯವನ ಮುಂದೆ ಹಾಕಿದ.

"ಪಾಸ್‌ಪೋರ್ಟ್."

ಇಸ್ತ್ರಿಯವನು ಇಲ್ಲವೆಂದು ತಲೆಯಾಡಿಸಿದ. ಆ ದೇಶದ ಭಾಷೆಯಲ್ಲಿ ಅವನ ಬಾಯಿಗೆ ಬರುತ್ತಿದ್ದ ಮಾತುಗಳು ಕಲೆ, ಕಾಲರು, ಬೇಗ, ಇನ್ನೊಂದು ಸಲ, ತಪ್ಪಾಯಿತು. ನಾಲ್ಕು ವರ್ಷದಿಂದ ಲಾಂಡ್ರಿಯಲ್ಲಿ ದುಡಿಯುತ್ತಿದ್ದವನಿಗೆ ಅಷ್ಟರಲ್ಲೇ ಜೀವನ ಸಾಗುತ್ತಿತ್ತು. ಕಿವಿಗೆ ಮಾತ್ರ ಎಲ್ಲವೂ ಅರ್ಥವಾಗುತ್ತಿತ್ತು. ದಿನಾ ಬೈಸಿಕೊಳ್ಳುವವನು ಭಾಷೆಯನ್ನು ಬೇಗ ಕಲಿಯುತ್ತಾನೆ.

ಅವನು ಟಿಕೆಟ್ ತೋರಿಸಿದ. ಫೋನಿನಲ್ಲಿ ತಂಗಿಯ ಫೋಟೋ ತೋರಿಸಿದ. ಆಸ್ಪತ್ರೆಯಿಂದ ಬಂದ ಸಂದೇಶ ತೋರಿಸಿದ. ಕೊನೆಗೆ "ತಪ್ಪಾಯಿತು" ಎಂದ. ತಪ್ಪು ಏನೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

ಕೌಂಟರಿನವನು ತಲೆಯ ಮೇಲಿನ ಬೋರ್ಡಿಗೆ ಬೆರಳು ತೋರಿಸಿದ. ಒಳನಾಡಿನ ವಿಮಾನ. ಆ ದೇಶದವರಿಗೆ ಒಂದು ಸಾಲು, ಅದರಲ್ಲಿ ಎಂಟು ಬಗೆಯ ಕಾರ್ಡುಗಳ ಚಿತ್ರ. ಯಾವುದಾದರೂ ಒಂದಿದ್ದರೆ ಸಾಕು. ಹೊರದೇಶದವರಿಗೆ ಇನ್ನೊಂದು ಸಾಲು, ಅದರಲ್ಲಿ ಎರಡೇ ಚಿತ್ರ. ಮೂಲ ಪಾಸ್‌ಪೋರ್ಟ್, ಇಲ್ಲವೇ ಯಾವ ಬದಲಾವಣೆಯನ್ನೂ ಮಾಡದ ವಾಸದ ಚೀಟಿ. 'ಮಾಡದ' ಎಂಬುದರ ಕೆಳಗೆ ಕೆಂಪು ಗೆರೆ.

"ಇದು ಬದಲಾಯಿಸಿದ ಚೀಟಿ," ಎಂದ ಕೌಂಟರಿನವನು. "ಪ್ಲಾಸ್ಟಿಕ್ ಹಾಕಿದ್ದೀಯ. ಮುದ್ರೆ ಮುಟ್ಟಿ ನೋಡೋಕಾಗಲ್ಲ. ನಡಿ, ಹಿಂದಿನವರಿಗೆ ದಾರಿ ಬಿಡು."

ಹಿಂದಿನವನು ಆ ದೇಶದವನು. ಲೈಬ್ರರಿ ಕಾರ್ಡು ತೋರಿಸಿ, ಕಿವಿಯಿಂದ ಫೋನು ಕೂಡ ತೆಗೆಯದೆ ಒಳಗೆ ಹೋದ.

ಇಸ್ತ್ರಿಯವನು ಪಕ್ಕಕ್ಕೆ ಸರಿದು ನಿಂತ. ಕೌಂಟರಿನವನು ತೊಟ್ಟಿದ್ದ ನೀಲಿ ಅಂಗಿಯ ತೋಳಿನ ಗೆರೆ ಹೆಗಲಿನಿಂದ ಮಣಿಕಟ್ಟಿನವರೆಗೆ ಒಂದು ಕೂದಲೂ ಆಚೀಚೆ ಆಗದೆ ಇಳಿದಿತ್ತು. ಆ ಗೆರೆ ಅವನ ಕೈಯದೇ. ವಿಮಾನ ನಿಲ್ದಾಣದ ನಾನೂರು ಜನರ ಅಂಗಿಗಳು ಪ್ರತಿದಿನ ಅವನ ಲಾಂಡ್ರಿಗೇ ಬರುತ್ತಿದ್ದವು. ನಾನು ಇಸ್ತ್ರಿ ಮಾಡಿದ ಅಂಗಿ ಒಳಗೆ ಹೋಗಬಹುದು, ನಾನು ಹೋಗುವಂತಿಲ್ಲ ಎಂದುಕೊಂಡ. ಒಂಬತ್ತೂವರೆಯ ವಿಮಾನ ಅವನನ್ನು ಬಿಟ್ಟು ಹೊರಟಿತು.

ಅವನು ಹೋಗಬೇಕಾಗಿದ್ದದ್ದು ಅದೇ ದೇಶದ ಇನ್ನೊಂದು ತುದಿಯ ಊರಿಗೆ. ವಿಮಾನದಲ್ಲಿ ಒಂದೂವರೆ ಗಂಟೆ. ಬಸ್ಸಿನಲ್ಲಿ ಎರಡು ಹಗಲು. ಅಲ್ಲಿ ಅವನ ತಂಗಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಅವಳ ಎಡಗೈ ಮೊಣಕೈವರೆಗೆ ಬೆಂದುಹೋಗಿತ್ತು. ಮನೆಯೊಡತಿ ಅವಳನ್ನು ಆಸ್ಪತ್ರೆಗೆ ಸೇರಿಸಿ, ಕುದಿಯುವ ನೀರು ಚೆಲ್ಲಿಕೊಂಡಳು ಎಂದು ಬರೆಸಿದ್ದಳು. ಮೊನ್ನೆ ಪಕ್ಕದ ಹಾಸಿಗೆಯ ಮುದುಕಿಯ ಫೋನಿನಿಂದ ತಂಗಿ ಮಾತಾಡಿದ್ದಳು.

"ಚೆಲ್ಲಿಕೊಳ್ಳಲಿಲ್ಲ ಅಣ್ಣ. ಎರಚಿದ್ರು."

ಆಮೇಲೆ ಒಂದೇ ಉಸಿರಿಗೆ ಉಳಿದದ್ದನ್ನು ಹೇಳಿದ್ದಳು. ಕಾಗದದ ಪ್ರಕಾರ ಆ ದೇಶದಲ್ಲಿ ಅವಳಿಗೆ ಹೊಣೆ ಆ ಮನೆಯವರೇ. ಗುರುವಾರ ಸಂಜೆ ಆರಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ರಕ್ತಸಂಬಂಧಿ ಯಾರಾದರೂ ಖುದ್ದಾಗಿ ಬಂದು, ಗುರುತು ತೋರಿಸಿ ಸಹಿ ಹಾಕಿದರೆ ಮಾತ್ರ ಆಸ್ಪತ್ರೆಯವರು ಅವಳನ್ನು ಆ ಮನೆಯವರ ಕೈಗೆ ಕೊಡದೆ ಇರುತ್ತಾರೆ. ಆ ದೇಶದಲ್ಲಿ ಅವಳಿಗಿದ್ದ ರಕ್ತಸಂಬಂಧಿ ಇವನೊಬ್ಬನೇ. ಇವತ್ತು ಗುರುವಾರ.

ಲಾಂಡ್ರಿಯ ನಲವತ್ತಮೂರು ಜನ ಸೇರಿ ಟಿಕೆಟ್ ಮಾಡಿಸಿಕೊಟ್ಟಿದ್ದರು. ಎಲ್ಲರನ್ನೂ ಒಬ್ಬನೇ ಏಜೆಂಟ್ ಒಂದೇ ಕಡೆಯಿಂದ ತುಂಬಿಕೊಂಡು ಬಂದದ್ದು. ವಿಮಾನ ಇಳಿದ ದಿನವೇ ಅವನು ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡು ಕಂಪನಿಯ ಕಬ್ಬಿಣದ ಪೆಟ್ಟಿಗೆಗೆ ಸೇರಿಸಿದ್ದ. ಕಳೆದುಹೋಗಬಾರದಲ್ಲ, ಅದಕ್ಕಂತೆ. ಬದಲಿಗೆ ಕೈಯಲ್ಲಿ ಉಳಿದದ್ದು ಸರ್ಕಾರ ಕೊಟ್ಟ ವಾಸದ ಚೀಟಿ. ಅಂಗೈಯಗಲದ ದಪ್ಪ ಕಾಗದ, ಮೂಲೆಯಲ್ಲಿ ಉಬ್ಬಿದ ಮುದ್ರೆ, ಐದು ವರ್ಷದ ಅವಧಿ.

ಆ ಚೀಟಿ ಲಾಂಡ್ರಿಯಲ್ಲಿ ದುಡಿಯುವವರಿಗಾಗಿ ಮಾಡಿದ್ದಲ್ಲ. ಬೆಳಗಿನಿಂದ ಸಂಜೆಯವರೆಗೆ ಹಬೆ. ಅಂಗಿ ಒದ್ದೆ, ಜೇಬು ಒದ್ದೆ, ಕೈ ಸದಾ ಒದ್ದೆ. ಒಗೆಯುವ ಮಶಿನ್ನಿಗೆ ಸೋಡಾ ಹಾಕುವವಳನ್ನು ಎಲ್ಲರೂ ಸೋಡಾ ಅಕ್ಕ ಎನ್ನುತ್ತಿದ್ದರು. ಅವಳ ಚೀಟಿ ಆರೇ ತಿಂಗಳಲ್ಲಿ ಹಿಟ್ಟಾಯಿತು. ಬೀದಿಯಲ್ಲಿ ಪೊಲೀಸರು ತಡೆದಾಗ ಜೇಬಿನಿಂದ ಒಂದು ಹಿಡಿ ಹಿಟ್ಟು ತೆಗೆದುಕೊಟ್ಟಳು. ಇಡೀ ದಿನ ಕೂಡಿಹಾಕಿದರು. ಇನ್ನೊಂದು ಚೀಟಿ ಸಿಗುವಷ್ಟರಲ್ಲಿ ಅವಳ ಚಪ್ಪಲಿ ಸವೆಯಿತು.

ಆವಾಗ ಇಸ್ತ್ರಿಯವನಿಗೆ ಉಪಾಯ ಹೊಳೆಯಿತು. ಪ್ಲಾಸ್ಟಿಕ್ ಹಾಳೆ ತಂದ. ಚೀಟಿಯ ಮೇಲೊಂದು ಕೆಳಗೊಂದು ಹಾಳೆ, ಅದರ ಮೇಲೆ ಹತ್ತಿ ಬಟ್ಟೆ, ಇಸ್ತ್ರಿ ಪೆಟ್ಟಿಗೆಯ ಕಾವು ರೇಷ್ಮೆಗೆ ಇಡುವಷ್ಟೇ. ಮೂರರವರೆಗೆ ಎಣಿಸಿ ಎತ್ತಬೇಕು. ನಾಲ್ಕಾದರೆ ಕಾಗದ ಕಂದುತ್ತದೆ, ಎರಡಾದರೆ ಅಂಚು ಬಿಡುತ್ತದೆ. ತನ್ನದು ಸೇರಿ ನಲವತ್ತನಾಲ್ಕು ಚೀಟಿಗಳಿಗೆ ಇಸ್ತ್ರಿ ಹಾಕಿದ. ಒಂದರಲ್ಲೂ ಗುಳ್ಳೆ ಏಳಲಿಲ್ಲ. ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದು ಸೋಡಾ ಅಕ್ಕ ನೆಟಿಗೆ ಮುರಿದಿದ್ದಳು. ಆಮೇಲೆ ಬೀದಿಯ ಪೊಲೀಸರೂ ಥಳಥಳ ಹೊಳೆಯುವ ಚೀಟಿ ಕಂಡು ಹೋಗು ಎನ್ನುತ್ತಿದ್ದರು. ಯಾರೂ ಅದನ್ನು ಉಗುರಿನಿಂದ ಕೆರೆದು ನೋಡಿರಲಿಲ್ಲ.

ಹತ್ತೂವರೆಗೆ ಅವನು ಲಾಂಡ್ರಿಗೆ ವಾಪಸ್ ಬಂದ. ಸೂಪರ್‌ವೈಸರ್ ಗಾಜಿನ ಕೋಣೆಯಲ್ಲಿ ಕೂತಿದ್ದ. ಅವನ ಬೆನ್ನ ಹಿಂದೆ ಕಬ್ಬಿಣದ ಪೆಟ್ಟಿಗೆ. ಅವನೂ ಇವರ ಕಡೆಯವನೇ, ಇವರ ಭಾಷೆಯವನೇ. ಮೊದಲು ಬಂದವನು, ಮೇಲೆ ಹೋದವನು, ಏಣಿಯನ್ನು ಎಳೆದುಕೊಂಡವನು.

"ಏನೋ, ಹಾರ್ಲಿಲ್ವಾ?"

"ಬಿಡ್ಲಿಲ್ಲ ಸಾರ್. ಪಾಸ್‌ಪೋರ್ಟೇ ಬೇಕಂತೆ. ಎರಡು ಗಂಟೆಗೆ ಇನ್ನೊಂದು ವಿಮಾನ ಇದೆ. ಕೊಟ್ಬಿಡಿ ಸಾರ್. ನಾಡಿದ್ದು ತಂದು ನಿಮ್ಮ ಕೈಗೇ ಇಡ್ತೀನಿ."

"ಬೀಗದ ಕೈ ಮಾಲೀಕರ ಹತ್ರ ಇದೆ. ಅವರು ಊರಲ್ಲಿಲ್ಲ."

ಬೀಗದ ಕೈ ಅವನ ಸೊಂಟದ ಪಟ್ಟಿಯಲ್ಲೇ ನೇತಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ನೋಡಲಿಲ್ಲವೆಂಬಂತೆ ಇಬ್ಬರೂ ಮುಖ ಎತ್ತಿದರು.

"ಚೀಟಿ ಸಾಕು ಅಂತ ನೀವೇ ಹೇಳಿದ್ರಿ ಸಾರ್. ಒಳಗಿನ ವಿಮಾನಕ್ಕೆ ಪಾಸ್‌ಪೋರ್ಟ್ ಯಾಕೆ ಅಂದ್ರಿ."

"ಚೀಟಿ ಸಾಕಾಗ್ತಿತ್ತು ಕಣಯ್ಯ. ಅದಕ್ಕೆ ಇಸ್ತ್ರಿ ಹಾಕು ಅಂತ ನಾನು ಹೇಳಿದ್ನಾ? ನಿಂದೂ ಕೆಡಿಸ್ದೆ, ಎಲ್ಲರದ್ದೂ ಕೆಡಿಸ್ದೆ. ಹೋಗು. ಒಂದು ಗಂಟೆಗೆ ವಿಮಾನ ನಿಲ್ದಾಣದ ವ್ಯಾನ್ ಬರುತ್ತೆ. ನೀನಿಲ್ಲ ಅಂತ ಕೆಲಸ ಹಿಂದೆ ಬಿದ್ದಿದೆ."

ಇಸ್ತ್ರಿಯವನು ತನ್ನ ಮೇಜಿಗೆ ಹೋದ. ನೀಲಿ ಅಂಗಿಗಳ ರಾಶಿ ಎದೆಯುದ್ದ ಬಿದ್ದಿತ್ತು. ಕೈ ತನ್ನಷ್ಟಕ್ಕೆ ತಾನೇ ಇಸ್ತ್ರಿ ಪೆಟ್ಟಿಗೆ ಹಿಡಿಯಿತು. ಮೊದಲು ಕಾಲರು, ಆಮೇಲೆ ಹೆಗಲು, ತೋಳು, ಬೆನ್ನು. ಹಬೆ ಬುಸ್ಸೆಂದು ಮುಖಕ್ಕೆ ಹೊಡೆಯಿತು. ದಿನಕ್ಕೆ ಇನ್ನೂರು ಅಂಗಿ. ಬಲಗೈಯ ಒಳಮಗ್ಗುಲಲ್ಲಿ ಸುಟ್ಟ ಗೀಟುಗಳು, ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಸೊಂಟ ಎಂಬುದು ಇದೆ ಎಂದು ಗೊತ್ತಾಗುವುದೇ ಅದು ನೋಯುವಾಗ. ಅವನಪ್ಪನೂ ಇದೇ ಕೆಲಸ ಮಾಡಿದವನು. ಜನರ ಮೈಗಂಟಿದ ಬಟ್ಟೆಯನ್ನು ಮಡಿ ಮಾಡಿ ತಂದು ಹಿಂಬಾಗಿಲಲ್ಲಿ ನಿಂತು ಕೊಡುತ್ತಿದ್ದ. ಒಳಗೆ ಬಾ ಎಂದು ಒಬ್ಬರೂ ಕರೆದವರಿಲ್ಲ.

ಮೂರು ಅಂಗಿ ಆದವು. ನಾಲ್ಕನೆಯದನ್ನು ಹಾಸಿದ. ತೋಳಿನ ಗೆರೆ ಕೂರಿಸಲು ಪೆಟ್ಟಿಗೆ ಎತ್ತಿದ. ಕೌಂಟರಿನವನ ಉಗುರು ನೆನಪಾಯಿತು. ಚೀಟಿ ಎತ್ತಿ ಹಾಕಿದ ಆ ಎರಡು ಬೆರಳು ನೆನಪಾಯಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಸಂಜೆ ಆರಕ್ಕೆ ಅಲ್ಲಿ ತಂಗಿಯನ್ನು ಎಬ್ಬಿಸುತ್ತಾರೆ. ತಾನು ಇಲ್ಲಿ ಅಂಗಿಯ ತೋಳಿನ ಗೆರೆ ನೋಡುತ್ತ ನಿಂತಿದ್ದೇನೆ. ಥೂ ಎಂದು ಅವನಿಗೆ ತನ್ನ ಕೈಯ ಮೇಲೇ ಹೇಸಿಗೆಯಾಯಿತು.

ಅವನು ಪ್ಲಗ್ ಕಿತ್ತ.

"ಎಲ್ಲರೂ ಇಲ್ಲಿ ಕೇಳಿ," ಎಂದ. ಅವನ ದನಿ ಎತ್ತರದ್ದಲ್ಲ. ಮಶಿನ್ನುಗಳ ಸದ್ದಿನಲ್ಲಿ ಹತ್ತಿರದವರಿಗಷ್ಟೇ ಕೇಳಿಸಿತು. ಅವರು ತಿರುಗಿದ್ದನ್ನು ಕಂಡು ದೂರದವರೂ ತಿರುಗಿದರು. "ನಿಮ್ಮ ಚೀಟಿ ಒಂದೂ ನಡೆಯಲ್ಲ. ಪ್ಲಾಸ್ಟಿಕ್ ಹಾಕಿದ್ದಕ್ಕೆ ಕೆಟ್ಟುಹೋಯ್ತಂತೆ. ನಾನೇ ಕೆಡಿಸಿದ್ದು. ನಿಮ್ಮೆಲ್ಲರದ್ದೂ."

ಮಡಿಸುವ ಮೇಜಿನಿಂದ ಗಡ್ಡದವನು ನೆಗೆದು ಬಂದ. ಅವನ ಅಮ್ಮ ಹಾಸಿಗೆ ಹಿಡಿದಿದ್ದಳು, ಮುಂದಿನ ತಿಂಗಳು ಊರಿಗೆ ಹೊರಟಿದ್ದ. ಇಸ್ತ್ರಿಯವನ ಕಾಲರು ಹಿಡಿದು ಮೇಜಿಗೆ ಒತ್ತಿದ.

"ಏನಂದೆ? ಯಾರು ಕೇಳಿದ್ರು ನಿನ್ನ ಉಪಕಾರ?"

"ನೀನೇ ಕೇಳಿದ್ದೆ," ಎಂದ ಇಸ್ತ್ರಿಯವನು. ಬಿಡಿಸಿಕೊಳ್ಳಲು ಹೋಗಲಿಲ್ಲ. ಏಟು ಬಿದ್ದರೆ ಬೀಳಲಿ ಎಂದು ನಿಂತ.

ಸೋಡಾ ಅಕ್ಕ ಕೈಗವಸು ಕಳಚುತ್ತ ಬಂದಳು. ಸೋಡಾ ತಿಂದ ಬೆರಳುಗಳ ತುದಿ ಸುಲಿದು ಕೆಂಪಾಗಿದ್ದವು.

"ಕಾಲರ್ ಬಿಡೋ ಅವಂದು. ಚೀಟಿ ನೆನೀಬಾರ್ದು ಅಂತ ಅವನು ಪ್ಲಾಸ್ಟಿಕ್ ಹಾಕ್ದ. ಪಾಸ್‌ಪೋರ್ಟ್ ಕೈಯಲ್ಲಿದ್ದಿದ್ರೆ ಈ ಚೀಟಿ ನೆನೆದರೆಷ್ಟು, ಸುಟ್ಟರೆಷ್ಟು? ಪೆಟ್ಟಿಗೆಗೆ ಬೀಗ ಜಡಿದೋನು ಇವನಲ್ಲ. ಅಲ್ಲಿ ಕೂತಿದಾನೆ ನೋಡು, ಎ.ಸಿ. ಹಾಕ್ಕೊಂಡು."

ಗಡ್ಡದವನ ಕೈ ಸಡಿಲವಾಯಿತು. ಸೋಡಾ ಅಕ್ಕ ಗೋಡೆಯ ಹತ್ತಿರ ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಆರು ಮಶಿನ್ನುಗಳು ಗುರುಗುಟ್ಟಿ, ಒಂದು ಸುತ್ತು ಸೋಮಾರಿಯಾಗಿ ತಿರುಗಿ ನಿಂತವು. ಆ ಕಟ್ಟಡದಲ್ಲಿ ಹಗಲು ಹೊತ್ತು ಇಷ್ಟು ಮೌನ ಯಾವತ್ತೂ ಆಗಿರಲಿಲ್ಲ. ನೀರು ತೊಟ್ಟಿಕ್ಕುವುದು ಕೇಳಿಸಿತು.

ಸೂಪರ್‌ವೈಸರ್ ಬಾಗಿಲಿಗೆ ಬಂದು ಕೂಗಾಡಿದ. ಆಮೇಲೆ ಗದರಿದ. ಆಮೇಲೆ ಅಣ್ಣ ತಮ್ಮ ಎಂದ. ಒಬ್ಬರೂ ಕೆಲಸಕ್ಕೆ ಮರಳಲಿಲ್ಲ. ನೀಲಿ ಅಂಗಿಗಳು ಒದ್ದೆಯಾಗಿಯೇ ಬಿದ್ದಿದ್ದವು. ಹನ್ನೆರಡು ಹೊಡೆದಾಗ ಅವನು ಇಸ್ತ್ರಿಯವನೊಬ್ಬನನ್ನೇ ಒಳಗೆ ಕರೆದು ಪೆಟ್ಟಿಗೆ ತೆರೆದ. ರಬ್ಬರ್ ಬ್ಯಾಂಡು ಹಾಕಿದ ಕಟ್ಟುಗಳಿಂದ ಒಂದನ್ನು ಹುಡುಕಿ ತೆಗೆದು ಮೇಜಿನ ಮೇಲೆ ಇಟ್ಟ.

"ತಗೋ. ಈಗ ಅವರಿಗೆ ಕೆಲಸ ಮಾಡಕ್ಕೆ ಹೇಳು."

ನಾಲ್ಕು ವರ್ಷದ ಮೇಲೆ ಇಸ್ತ್ರಿಯವನು ತನ್ನ ಪಾಸ್‌ಪೋರ್ಟನ್ನು ಮುಟ್ಟಿದ. ಫೋಟೋದಲ್ಲಿ ಅವನ ಕೆನ್ನೆ ತುಂಬಿಕೊಂಡಿತ್ತು. ಹಾಳೆ ತಿರುವಿದ. ವಾಸಕ್ಕೆ ಅನುಮತಿಯ ಮುದ್ರೆ, ಅದರ ಪಕ್ಕ ಕೊನೆಯ ದಿನಾಂಕ. ಆ ಮುದ್ರೆಯನ್ನು ವರ್ಷ ವರ್ಷವೂ ಕಂಪನಿ ಹೊಸದು ಮಾಡಿಸಬೇಕು. ಅವನು ದಿನಾಂಕದ ಮೇಲೆ ಬೆರಳಿಟ್ಟು ಓದಿದ. ಇನ್ನೊಂದು ಸಲ ಓದಿದ. ಅವಧಿ ಮುಗಿದು ಎಂಟು ತಿಂಗಳಾಗಿತ್ತು.

"ಸಾರ್, ಇದು..."

"ಹೂಂ. ಈ ವರ್ಷ ಮಾಡಿಸಿಲ್ಲ. ಮಾಲೀಕರು ಆಮೇಲೆ ನೋಡೋಣ ಅಂದ್ರು." ಸೂಪರ್‌ವೈಸರ್ ಕುರ್ಚಿಗೆ ಒರಗಿದ. ಅವನ ಮುಖಕ್ಕೆ ಕಳೆ ಬಂದಿತ್ತು. "ಹೋಗಪ್ಪ. ತಗೊಂಡು ಹೋಗು ವಿಮಾನ ನಿಲ್ದಾಣಕ್ಕೆ. ವಿಮಾನ ಹತ್ತಿಸ್ತಾರೋ ಜೀಪ್ ಹತ್ತಿಸ್ತಾರೋ ನೋಡೋಣ. ಅದಕ್ಕೇ ನಾನು ಚೀಟಿ ತಗೊಂಡು ಹೋಗು ಅಂದದ್ದು. ನಿನ್ನ ಒಳ್ಳೇದಕ್ಕೇ ಅಂದದ್ದು."

ಇಸ್ತ್ರಿಯವನು ಪಾಸ್‌ಪೋರ್ಟನ್ನು ಮುಚ್ಚಿದ. ಪಾಸ್‌ಪೋರ್ಟ್ ಇಲ್ಲದೆ ಹೋದರೆ ವಾಪಸ್ ಕಳಿಸುತ್ತಾರೆ. ಇದನ್ನು ಹಿಡಿದು ಹೋದರೆ ಒಳಗೆ ಹಾಕುತ್ತಾರೆ. ಬಸ್ಸಿನಲ್ಲಿ ಹೋದರೂ ತಪಾಸಣೆ, ಅಲ್ಲೂ ಇದನ್ನೇ ಕೇಳುತ್ತಾರೆ. ಆಸ್ಪತ್ರೆಯಲ್ಲೂ ಗುರುತು ತೋರಿಸಬೇಕು. ಅವನು ಎಲ್ಲ ಬಾಗಿಲುಗಳನ್ನೂ ಮನಸ್ಸಿನಲ್ಲೇ ತಟ್ಟಿ ನೋಡಿದ. ಎಲ್ಲದರ ಹಿಂದೆಯೂ ಆ ಎರಡು ಬೆರಳು ಕಾದಿದ್ದವು. ತಂಗಿ ಇರುವ ದೇಶದಲ್ಲೇ ಅವನಿದ್ದ, ಆದರೂ ಅವಳ ಹತ್ತಿರ ಹೋಗಲು ದಾರಿ ಇರಲಿಲ್ಲ.

"ಎಲ್ಲರದ್ದೂ ಹೀಗೇನಾ?" ಎಂದ.

ಸೂಪರ್‌ವೈಸರ್ ಎದ್ದು ಬಾಗಿಲನ್ನು ಮುಂದಕ್ಕೆ ಎಳೆದ.

"ಎಲ್ಲರದ್ದೂ ಹೀಗೇನಾ ಅಂತ ಕೇಳ್ದೆ."

"ಮೆತ್ತಗೆ ಮಾತಾಡು. ಹೋಗಿ ಇಸ್ತ್ರಿ ಹಿಡಿ. ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ. ಬಾಯಿ ಬಿಟ್ರೆ ನಲವತ್ತನಾಲ್ಕು ಜನಾನೂ ಒಳಗೆ. ನೀನೇ ಯೋಚನೆ ಮಾಡು."

ಇಸ್ತ್ರಿಯವನು ಯೋಚನೆ ಮಾಡಲಿಲ್ಲ. ನಾಲ್ಕು ವರ್ಷ ಯೋಚನೆ ಮಾಡಿಯೇ ಸುಮ್ಮನಿದ್ದದ್ದು. ಗಾಜಿನ ಬಾಗಿಲನ್ನು ಪೂರ್ತಿ ತೆರೆದ. ಪಾಸ್‌ಪೋರ್ಟನ್ನು ಬಿಡಿಸಿ, ಆ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ತಲೆಯ ಮೇಲೆ ಎತ್ತಿ ಹಿಡಿದ.

"ಎಂಟು ತಿಂಗಳಿಂದ ನಾನು ಈ ದೇಶದಲ್ಲಿ ಕಳ್ಳ," ಎಂದ. "ನೀವೂ ಕಳ್ಳರಾ ಅಂತ ಬಂದು ನೋಡ್ಕೊಳ್ಳಿ. ಪೆಟ್ಟಿಗೆ ತೆರೆದಿದೆ."

ನಲವತ್ತಮೂರು ಜನ ಒಳಗೆ ನುಗ್ಗಿದರು. ಸೂಪರ್‌ವೈಸರ್ ಗೋಡೆಗೆ ಅಂಟಿ ನಿಂತ. ಯಾರೂ ಅವನನ್ನು ಮುಟ್ಟಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಫೋಟೋ ಹುಡುಕಿಕೊಂಡರು. ಹಾಳೆ ತಿರುವುವ ಸದ್ದು, ಆಮೇಲೆ ಬೈಗುಳ, ಆಮೇಲೆ ಯಾರೋ ಅತ್ತದ್ದು. ಗಡ್ಡದವನು ದಿನಾಂಕ ನೋಡಿ ನೆಲದ ಮೇಲೆ ಕೂತುಬಿಟ್ಟ. ಸೋಡಾ ಅಕ್ಕ ತನ್ನದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

"ನಡೀರಿ ಆಚೆ," ಎಂದಳು. "ಇನ್ನು ಇದು ನಮ್ಮ ಹತ್ರಾನೇ ಇರುತ್ತೆ. ಒಳಗೆ ಹಾಕೋದಾದ್ರೆ ಇದನ್ನೂ ಸೇರಿಸಿ ಹಾಕ್ಲಿ."

ಒಂದು ಗಂಟೆಗೆ ವ್ಯಾನ್ ಬಂತು. ಡ್ರೈವರ್ ಹಾರ್ನ್ ಹೊಡೆದ, ಒಳಗೆ ಬಂದ, ಒದ್ದೆ ಅಂಗಿಗಳ ರಾಶಿಯ ಸುತ್ತ ಕೈಕಟ್ಟಿ ಕೂತ ಜನರನ್ನು ಕಂಡ. ಬಂದ ಹಾಗೆಯೇ ಹಿಂತಿರುಗಿದ. ಎರಡು ಗಂಟೆಯ ವಿಮಾನವೂ ಹೋಯಿತು. ಛಾವಣಿಯ ಮೇಲೆ ಅದರ ಸದ್ದು ಹಾದುಹೋದಾಗ ಇಸ್ತ್ರಿಯವನು ತಲೆ ಎತ್ತಲಿಲ್ಲ. ಸೂಪರ್‌ವೈಸರ್ ಮಾಲೀಕನಿಗೆ ಫೋನ್ ಮಾಡುತ್ತಲೇ ಇದ್ದ. ಪೊಲೀಸರನ್ನು ಕರೆಸುತ್ತೇನೆ ಎಂದು ಮೂರು ಸಲ ಹೇಳಿದ, ಕರೆಸಲಿಲ್ಲ. ಪೊಲೀಸರು ಬಂದರೆ ಮೊದಲು ನೋಡುವುದು ಆ ದಿನಾಂಕಗಳನ್ನೇ ಎಂದು ಅವನಿಗೂ ಗೊತ್ತಿತ್ತು. ಇಸ್ತ್ರಿಯವನು ಆಸ್ಪತ್ರೆಗೆ ಏಳು ಸಲ ಫೋನ್ ಮಾಡಿದ. ಖುದ್ದಾಗಿ ಬರಬೇಕು ಎಂಬ ಒಂದೇ ಮಾತನ್ನು ಏಳು ಸಲವೂ ಕೇಳಿದ.

ಆರಕ್ಕೆ ಇನ್ನೂ ಐದು ನಿಮಿಷ ಇತ್ತು. ಮುದುಕಿಯ ಫೋನಿನಿಂದ ಕರೆ ಬಂತು.

"ಅಣ್ಣ, ಎಲ್ಲಿದೀಯ? ಕೆಳಗೆ ಬಂದ್ಯಾ?"

"ಇಲ್ಲ ಕಣೇ. ಬಿಡ್ಲಿಲ್ಲ ನನ್ನ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಅವರು ಬಂದ್ಬಿಟ್ಟಿದಾರೆ ಅಣ್ಣ. ಇಲ್ಲೇ ನಿಂತಿದಾರೆ. ಹೊಸ ಚಪ್ಪಲಿ ತಂದಿದಾರೆ, ಹಾಕ್ಕೊಂಡು ಏಳು ಅಂತಿದಾರೆ. ಏನ್ ಮಾಡ್ಲಿ?"

ಲಾಂಡ್ರಿಯಲ್ಲಿ ಎಲ್ಲರೂ ಅವನ ಸುತ್ತ ಬಂದಿದ್ದರು. ಇಸ್ತ್ರಿಯವನು ಕಣ್ಣು ಮುಚ್ಚಿದ. ಸಹಿ ಹಾಕಬೇಕಾದ ಕೈ ಇಲ್ಲಿ, ಕಾಗದ ಅಲ್ಲಿ. ಅವನ ಹತ್ತಿರ ಇದ್ದದ್ದು ಬಾಯೊಂದೇ.

"ಹಾಕ್ಕೋಬೇಡ," ಎಂದ. "ಏಳಬೇಡ. ಆ ಕಾಗದದಲ್ಲಿ ಏನೇ ಇರಲಿ, ನೀನಾಗಿ ಏಳಬೇಡ. ಬೇಕಾದ್ರೆ ಹೊತ್ಕೊಂಡು ಹೋಗ್ಲಿ, ಎಲ್ಲರೂ ನೋಡ್ಲಿ. ಮಂಚ ಹಿಡ್ಕೋ. ಕೂಗು. ನೀರು ಎರಚಿದ್ರು ಅಂತ ಕೂಗು. ಅವರ ಭಾಷೆಲೇ ಕೂಗು."

"ನಂಗೆ ಹೆದರಿಕೆ ಅಣ್ಣ."

"ನಂಗೂ ಹೆದರಿಕೆ ಕಣೇ. ಕೂಗು."

ಫೋನು ಹಾಸಿಗೆಯ ಮೇಲೆ ಬಿದ್ದ ಸದ್ದು. ಆಮೇಲೆ ಒಬ್ಬ ಹೆಂಗಸಿನ ಸಿಹಿ ಮಾತು. ಆಮೇಲೆ ಅದೇ ಹೆಂಗಸಿನ ಗಡಸು ಮಾತು. ಕಬ್ಬಿಣದ ಮಂಚ ನೆಲಕ್ಕೆ ಕೆರೆದದ್ದು. ಆಮೇಲೆ ತಂಗಿ ಕೂಗಿದಳು. ಅವಳ ಗಂಟಲಲ್ಲಿ ಅಷ್ಟು ದನಿ ಇದೆ ಎಂದು ಅಣ್ಣನಿಗೆ ಗೊತ್ತಿರಲಿಲ್ಲ. ಎರಚಿದರು, ಎರಚಿದರು, ನಾನು ಹೋಗುವುದಿಲ್ಲ. ತಪ್ಪು ತಪ್ಪಾದ ಭಾಷೆಯಲ್ಲಿ ಅದನ್ನೇ ಕೂಗಿದಳು. ಪಕ್ಕದ ಹಾಸಿಗೆಯ ಮುದುಕಿ ಬೈಯತೊಡಗಿದಳು. ಬೇರೆ ಹಾಸಿಗೆಗಳವರೂ ಸೇರಿಕೊಂಡರು. ಓಡಿಬಂದ ಹೆಜ್ಜೆಗಳು. ಒಬ್ಬ ಗಂಡಸು ಏನು ಗಲಾಟೆ ಎಂದು ಕೇಳಿದ. ಇಸ್ತ್ರಿಯವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಅವಳು ಫೋನು ಎತ್ತಿಕೊಂಡಳು. ದನಿ ಒಡೆದು ಹೋಗಿತ್ತು.

"ಹೋದ್ರು ಅಣ್ಣ. ರೋಗಿ ಒಪ್ಪಲಿಲ್ಲ ಅಂತ ಡಾಕ್ಟರು ಬರೆದರು. ಇವತ್ತೊಂದಿನ ಅಷ್ಟೇ ಅಂತೆ. ನಾಳೆ ಹತ್ತು ಗಂಟೆಗೆ ಮತ್ತೆ ಬರ್ತಾರಂತೆ. ನೀನು ನಾಳೆ ಬರ್ತೀಯಲ್ಲ?"

ಸುಳ್ಳು ಹೇಳಬಹುದಿತ್ತು. ಸುತ್ತ ನಿಂತವರು ಅವನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಕಣೇ. ನಾಳೇನೂ ಆಗಲ್ಲ. ನನ್ನ ಪಾಸ್‌ಪೋರ್ಟಿನಲ್ಲಿರೋ ಮುದ್ರೆಯ ಅವಧಿ ಮುಗಿಸಿಬಿಟ್ಟಿದಾರೆ. ಇಲ್ಲಿಂದ ಆಚೆ ಕಾಲಿಟ್ರೆ ನನ್ನೂ ಹಿಡೀತಾರೆ."

ಅವಳು ಅಳುತ್ತಿದ್ದಾಳೆ ಎಂದುಕೊಂಡ. ಅಳುತ್ತಿರಲಿಲ್ಲ.

"ಹಂಗಾದ್ರೆ ನೀನೂ ಅಲ್ಲೇ, ನಾನೂ ಇಲ್ಲೇ," ಎಂದಳು.

"ನಾಳೇನೂ ಏಳಬೇಡ," ಎಂದ ಅಣ್ಣ. "ಚಪ್ಪಲಿ ಹಾಕ್ಕೋಬೇಡ."

"ಎಲ್ಲಿಂದ ಹಾಕ್ಕೊಳ್ಲಿ? ಆಗ್ಲೇ ಕಿಟಕಿಯಿಂದ ಆಚೆ ಎಸೆದುಬಿಟ್ಟೆ."